ಮುಖಗಳ ಮೇಲೆ ಸರಿದ ಕಾಲ

1973ರಲ್ಲಿ ತೆರೆಕಂಡ ಸ್ಪೇನಿನ ಚಿತ್ರವೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು ಹಳ್ಳಿಯ ಜನರ ನಡುವೆ ಕುಳಿತು ಸಿನಿಮಾ ನೋಡುತ್ತಾಳೆ. ಊರೂರು ತಿರುಗುವ ಪ್ರದರ್ಶಕನೊಬ್ಬ ತಂದ 'ಫ್ರಾಂಕೆನ್‌ಸ್ಟೈನ್' ತೆರೆಯ ಮೇಲೆ ಓಡುತ್ತಿದೆ. ನೀರಿನ ದಡದಲ್ಲಿ ಒಂದು ಮಗು ಆ ದೈತ್ಯನ ಕೈಗೆ ಹೂವು ಕೊಡುತ್ತಿದೆ. ನೋಡುತ್ತಿರುವವಳ ಬಾಯಿ ತುಸುವೇ ತೆರೆದುಕೊಳ್ಳುತ್ತದೆ, ಮೈ ತನಗೇ ತಿಳಿಯದಂತೆ ಮುಂದಕ್ಕೆ ವಾಲುತ್ತದೆ. ಅದು ಅಭಿನಯವಲ್ಲ. ಆನಾ ತೊರೆಂಟ್ ಎಂಬ ಆ ಬಾಲೆ ದೈತ್ಯನನ್ನು ನಿಜಕ್ಕೂ ಆಗಲೇ ನೋಡುತ್ತಿದ್ದಳು. ಆ ಬೆರಗನ್ನು ಕ್ಯಾಮೆರಾ ಇದ್ದದ್ದು ಇದ್ದಂತೆ ಪಡೆದುಕೊಂಡಿತು. ಚಿತ್ರದ ಹೆಸರು 'ದ ಸ್ಪಿರಿಟ್ ಆಫ್ ದ ಬೀಹೈವ್', ನಿರ್ದೇಶಕರು ವಿಕ್ತರ್ ಎರಿಸೆ. ಐವತ್ತು ವರ್ಷಗಳು ಕಳೆದ ಮೇಲೆ, 2023ರಲ್ಲಿ, ಅವರ 'ಕ್ಲೋಸ್ ಯುವರ್ ಐಸ್' ಬಂದಾಗ ಅದೇ ಆನಾ ತೊರೆಂಟ್ ಮತ್ತೆ ಕಾಣಿಸಿಕೊಂಡರು, ಮತ್ತೆ ಆನಾ ಎಂಬ ಹೆಸರಿನಲ್ಲೇ. ಕಣ್ಣುಗಳು ಅವೇ, ಅವುಗಳ ಸುತ್ತಲಿನ ಚರ್ಮದಲ್ಲಿ ಮಾತ್ರ ಅರ್ಧ ಶತಮಾನ ಸರಿದುಹೋಗಿದೆ. ಪ್ರಸಾಧನದಿಂದ ನಟಿಯೊಬ್ಬಳಿಗೆ ಮುಪ್ಪು ತರಬಹುದು, ಗಣಕದ ನೆರವಿನಿಂದ ಯೌವನವನ್ನೂ ಮರಳಿಸಬಹುದು. ಆದರೆ ನಿಜವಾಗಿ ಸರಿದ ಕಾಲಕ್ಕೆ ಒಂದು ತೂಕವಿದೆ, ಅದನ್ನು ಯಾವ ಕೌಶಲವೂ ಹುಟ್ಟಿಸಲಾರದು. ಈಚಿನ ವರ್ಷಗಳಲ್ಲಿ ಪ್ರಸಿದ್ಧ ನಿರ್ದೇಶಕರಿಂದ ಬಂದ ಗಂಭೀರ ಚಿತ್ರಗಳನ್ನು ಮನಸ್ಸಿನಲ್ಲಿ ಮಗುಚಿ ನೋಡುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ತೂಕ.

ಎರಿಸೆ ಅವರ ಬದುಕನ್ನೇ ಒಂದು ದೀರ್ಘ ಕಾಯುವಿಕೆ ಎಂದು ಕರೆಯಬಹುದೇನೋ. 1940ರಲ್ಲಿ ಹುಟ್ಟಿದ ಅವರು ಐದು ದಶಕಗಳಲ್ಲಿ ಮಾಡಿದ ಪೂರ್ಣ ಪ್ರಮಾಣದ ಚಿತ್ರಗಳು ನಾಲ್ಕೇ ನಾಲ್ಕು. ಎರಡನೆಯದಾದ 'ಎಲ್ ಸುರ್' 1983ರಲ್ಲಿ ಬಂತು. ಆ ಹೆಸರಿನ ಅರ್ಥ ದಕ್ಷಿಣ. ಉತ್ತರದ ಚಳಿಯ ಊರಿನಲ್ಲಿ ಬೆಳೆದ ಹುಡುಗಿಯೊಬ್ಬಳು ತಂದೆ ಬಿಟ್ಟುಬಂದ ದಕ್ಷಿಣದ ನಾಡನ್ನು ಕಾಣಲು ಹೊರಡುವ ಕಥೆ ಅದು. ಅವಳು ಹೊರಡುವಲ್ಲಿಗೇ ಚಿತ್ರ ಮುಗಿಯುತ್ತದೆ, ಏಕೆಂದರೆ ದಕ್ಷಿಣದ ಭಾಗವನ್ನು ಚಿತ್ರೀಕರಿಸುವ ಮೊದಲೇ ನಿರ್ಮಾಪಕರು ಕೆಲಸವನ್ನು ನಿಲ್ಲಿಸಿಬಿಟ್ಟರು. ಇದ್ದಷ್ಟೇ ಚಿತ್ರ ಜನಮೆಚ್ಚುಗೆ ಗಳಿಸಿತು. ಅದೇ ಪೂರ್ಣಕೃತಿ ಎಂದು ಅನೇಕರು ಒಪ್ಪಿಕೊಂಡರು. ಮಾಡಿದವರ ಎದೆಯಲ್ಲಿ ಮಾತ್ರ ಆ ಕಾಣದ ಅರ್ಧ ಉಳಿದೇ ಇದ್ದಿರಬೇಕು. ಮೂರನೆಯದು 1992ರದ್ದು: ಆಂತೋನಿಯೊ ಲೋಪೆಸ್ ಗಾರ್ಸಿಯಾ ಎಂಬ ಚಿತ್ರಕಾರ ತನ್ನ ಅಂಗಳದ ಒಂದು ಹಣ್ಣಿನ ಮರವನ್ನು, ಅದರ ಮೇಲೆ ಬೀಳುವ ಶರತ್ಕಾಲದ ಬಿಸಿಲಿನೊಡನೆ, ಬಣ್ಣದಲ್ಲಿ ಹಿಡಿಯಲು ಯತ್ನಿಸುತ್ತಾನೆ. ದಿನದಿನವೂ ಬಿಸಿಲು ಬದಲಾಗುತ್ತದೆ, ಹಣ್ಣು ಭಾರವಾಗಿ ಕೊಂಬೆ ಬಾಗುತ್ತದೆ, ಕಡೆಗೆ ಹಣ್ಣುಗಳು ಉದುರುತ್ತವೆ, ವರ್ಣಚಿತ್ರ ಅಪೂರ್ಣವಾಗಿಯೇ ನಿಲ್ಲುತ್ತದೆ. ಅದಾದ ಮೇಲೆ ಮೂವತ್ತೊಂದು ವರ್ಷಗಳ ಅಂತರ. ನಡುವೆ ಕೆಲವು ಕಿರುಚಿತ್ರಗಳು ಬಂದವು, ಅಷ್ಟೆ. ಹೀಗೆ ಮುಗಿಯದೆ ಉಳಿದದ್ದರ ಜೊತೆಗೇ ಬಾಳಿದ ಮನುಷ್ಯ ತನ್ನ ಎಂಬತ್ತರ ಆಚೆಗೆ ಮಾಡಿದ ಚಿತ್ರವು ಮುಗಿಯದೆ ಉಳಿದ ಒಂದು ಚಿತ್ರದ ಕಥೆಯೇ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

'ಕ್ಲೋಸ್ ಯುವರ್ ಐಸ್' ಚಿತ್ರದ ಕಥೆಯಲ್ಲಿ ಹೂಲಿಯೊ ಅರೇನಾಸ್ ಎಂಬ ಹೆಸರಾಂತ ನಟ 1990ರಲ್ಲಿ ಚಿತ್ರೀಕರಣದ ನಡುವೆ ಒಂದು ದಿನ ಕಾಣೆಯಾಗುತ್ತಾನೆ. ಶವ ಸಿಗುವುದಿಲ್ಲ. ಆ ಚಿತ್ರದ ನಿರ್ದೇಶಕನೂ ಹೂಲಿಯೊನ ಜೀವದ ಗೆಳೆಯನೂ ಆದ ಮಿಗೆಲ್ ಮತ್ತೆ ಇನ್ನೊಂದು ಚಿತ್ರ ಮಾಡುವುದಿಲ್ಲ. ಎರಡು ದಶಕಗಳ ಬಳಿಕ, ಬಗೆಹರಿಯದ ಪ್ರಕರಣಗಳನ್ನು ಕೆದಕುವ ದೂರದರ್ಶನ ಕಾರ್ಯಕ್ರಮವೊಂದು ಅವನನ್ನು ಮಾತಿಗೆ ಕರೆಯುತ್ತದೆ. ಮಿಗೆಲ್ ಹಳೆಯ ಪೆಟ್ಟಿಗೆಗಳನ್ನು ತೆರೆಯುತ್ತಾನೆ, ಹಳೆಯ ಪ್ರೇಯಸಿಯನ್ನು ಕಾಣುತ್ತಾನೆ, ಪ್ರಾದೊ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ಹೂಲಿಯೊನ ಮಗಳು ಆನಾಳೊಡನೆ ಕುಳಿತು ಮಾತನಾಡುತ್ತಾನೆ. ಚಿತ್ರದ ಈ ಭಾಗ ಬಹಳ ನಿಧಾನ. ಇಬ್ಬರು ಎದುರುಬದುರು ಕುಳಿತಿರುತ್ತಾರೆ. ಒಬ್ಬರ ಮುಖ, ಮತ್ತೊಬ್ಬರ ಮುಖ, ನಡುವೆ ಮೌನ. ಒಟ್ಟು 169 ನಿಮಿಷಗಳ ಈ ಚಿತ್ರದಲ್ಲಿ ದೂರದರ್ಶನದ ಸನ್ನಿವೇಶಗಳು ನನಗೆ ಸಪ್ಪೆಯೆನಿಸಿದವು ಎಂಬುದನ್ನು ಮುಚ್ಚಿಡಲಾರೆ. ಆದರೂ ಈ ಮುಖಾಮುಖಿಗಳನ್ನು ಕತ್ತರಿಸಿ ಕಿರಿದುಗೊಳಿಸಿದ್ದರೆ ಕಡೆಯ ಒಂದು ಗಂಟೆ ನಮ್ಮನ್ನು ಮುಟ್ಟುತ್ತಿರಲಿಲ್ಲ. ವಯಸ್ಸಾದವರು ನೆನಪಿನ ಮಾತನ್ನು ಒಂದೇ ಉಸಿರಿಗೆ ಆಡುವುದಿಲ್ಲ; ಸುತ್ತಿ ಬಳಸಿ, ಅಲ್ಲಲ್ಲಿ ನಿಂತು, ಬೇರೆ ಏನನ್ನೋ ಹೇಳಿ ಮರಳುತ್ತಾರೆ. ಎರಿಸೆ ಆ ನಡಿಗೆಗೆ ಹೊಂದಿಕೊಂಡಿದ್ದಾರೆ.

ಹೂಲಿಯೊ ಸತ್ತಿರುವುದಿಲ್ಲ. ದಕ್ಷಿಣದ ಕಡಲತೀರದ ಕಡೆ, ಸಂನ್ಯಾಸಿನಿಯರು ನಡೆಸುವ ವೃದ್ಧಾಶ್ರಮವೊಂದರಲ್ಲಿ, ಗೋಡೆಗೆ ಸುಣ್ಣ ಬಳಿಯುತ್ತ, ಕೆಟ್ಟುಹೋದದ್ದನ್ನು ದುರಸ್ತಿ ಮಾಡುತ್ತ, ಬೇರೆಯೇ ಹೆಸರಿನಲ್ಲಿ ಬದುಕಿದ್ದಾನೆ. ತಾನು ಯಾರೆಂಬುದು ಅವನಿಗೆ ತಿಳಿಯದು. ಗೆಳೆಯ ಎದುರಿಗೆ ನಿಂತರೂ ಗುರುತಿಲ್ಲ. ಇಬ್ಬರೂ ಯೌವನದಲ್ಲಿ ನೌಕಾಪಡೆಯಲ್ಲಿ ಜೊತೆಗಿದ್ದವರು. ಮಿಗೆಲ್ ಹಗ್ಗವೊಂದನ್ನು ಕೈಗೆ ಕೊಟ್ಟಾಗ ಹೂಲಿಯೊನ ಬೆರಳುಗಳು ನಾವಿಕರ ಗಂಟನ್ನು ತಡವರಿಸದೆ ಹಾಕುತ್ತವೆ. ಹೆಸರು ಹೋಗಿದೆ, ಮಗಳು ಹೋಗಿದ್ದಾಳೆ, ಗಂಟು ಮಾತ್ರ ಉಳಿದಿದೆ! ನೆನಪು ಎಂಬುದು ನಾವು ಭಾವಿಸಿದಂತೆ ಒಂದೇ ಕೋಶದಲ್ಲಿ ಕೂಡಿಟ್ಟ ಧನವಲ್ಲವೆಂದು, ಅದು ದೇಹದ ಮೂಲೆಮೂಲೆಗಳಲ್ಲಿ ಹಂಚಿಹೋಗಿರುತ್ತದೆಂದು, ನಾವು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸಿದ್ದೇ ಮೊದಲು ಜಾರಬಹುದೆಂದು ಆ ಬೆರಳುಗಳು ಹೇಳುತ್ತವೆ. ಆನಾ ಬಂದು ತಂದೆಯ ಎದುರು ಕುಳಿತು ತನ್ನ ಹೆಸರನ್ನು ಹೇಳಿ ಕಣ್ಣು ಮುಚ್ಚುತ್ತಾಳೆ. ಅರ್ಧ ಶತಮಾನದ ಹಿಂದೆ ಆ ಪುಟ್ಟ ಆನಾ ಕಣ್ಣು ಮುಚ್ಚಿ ಕಾಣದ ಚೇತನವೊಂದನ್ನು ಕರೆಯುತ್ತಿದ್ದದ್ದೂ ಹೀಗೆ ತನ್ನ ಹೆಸರನ್ನು ಹೇಳಿಯೇ. ಆಗ ಕರೆದದ್ದು ದೈತ್ಯನನ್ನು, ಈಗ ಕರೆಯುತ್ತಿರುವುದು ಹೆತ್ತ ತಂದೆಯನ್ನು. ಇಬ್ಬರನ್ನೂ ಕರೆದದ್ದು ಒಂದೇ ಕಂಠ. ಮೊದಲ ಚಿತ್ರವನ್ನು ಕಾಣದವರಿಗೆ ಈ ಸನ್ನಿವೇಶ ಸಾಧಾರಣವೆನಿಸಬಹುದು. ಕಂಡವರಿಗೆ, ತಾವೂ ಆ ಐವತ್ತು ವರ್ಷಗಳ ಒಂದು ಭಾಗವನ್ನು ಬದುಕಿ ಮುಗಿಸಿದವರಿಗೆ, ಕುಳಿತಲ್ಲೇ ಉಸಿರು ತಡೆಯುತ್ತದೆ.

ಈ ಚಿತ್ರದಲ್ಲಿ ಮಾಕ್ಸ್ ಎಂಬ ವೃದ್ಧ ಸಂಕಲನಕಾರನಿದ್ದಾನೆ. ಅವನ ಮನೆಯ ತುಂಬ ಫಿಲ್ಮ್ ಸುರುಳಿಗಳ ತಗಡಿನ ಡಬ್ಬಿಗಳು. ಅವುಗಳನ್ನು ಓಡಿಸುವ ಯಂತ್ರಗಳೇ ಅಪರೂಪವಾಗಿರುವ ಕಾಲದಲ್ಲಿ ಅವನು ಅವನ್ನು ಕಾಪಾಡಿಕೊಂಡು ಕುಳಿತಿದ್ದಾನೆ. ಮಾಕ್ಸ್‌ನನ್ನು ನೋಡುವಾಗ ನನ್ನ ಮನಸ್ಸು ನಮ್ಮ ನಾಡಿನ ಕಡೆಗೆ ಹರಿಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸುಬ್ಬಯ್ಯ ನಾಯ್ಡು ಅವರ ನಡೆ, ತ್ರಿಪುರಾಂಬಾ ಅವರ ದನಿ, ಅಂದು ತೆರೆಯಿಂದ ಮೊದಲ ಬಾರಿಗೆ ಕನ್ನಡ ಕೇಳಿಸಿದ ಗಳಿಗೆ, ಎಲ್ಲವೂ ಹೋಯಿತು. ವೈ.ವಿ. ರಾವ್ ನಿರ್ದೇಶಿಸಿದರೆಂದೂ ಕೊಲ್ಹಾಪುರದ ಸ್ಟುಡಿಯೊದಲ್ಲಿ ತಯಾರಾಯಿತೆಂದೂ ನಮಗೆ ಗೊತ್ತು. ಗೋಡೆಯಿಂದ ಚಿತ್ರಪಟವನ್ನು ತೆಗೆದುಹಾಕಿದ ಮೇಲೆ ಉಳಿಯುವ ತಿಳಿಬಣ್ಣದ ಚೌಕದ ಹಾಗೆ ಈ ವಿವರಗಳು ಅದರ ಅಳತೆಯನ್ನಷ್ಟೇ ತೋರಿಸುತ್ತವೆ. ಕಳೆದುಕೊಂಡೆವೆಂದು ಅರಿವಾಗುವ ಹೊತ್ತಿಗೆ ಕಳೆದುಹೋಗಿ ಎಷ್ಟೋ ಕಾಲವಾಗಿತ್ತು. ಅಳಲು ಕೂಡ ನಿಗದಿತ ದಿನವಿಲ್ಲದ ಇಂಥ ನಷ್ಟಗಳು ನಮ್ಮ ಸಂಸ್ಕೃತಿಯಲ್ಲಿ ಎಷ್ಟಿವೆಯೋ.

ಹಾಗೆಂದು ಎಲ್ಲವೂ ಹೋಗಿಲ್ಲ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಕಪ್ಪುಬಿಳುಪಿನ ಮಲೆನಾಡು ಮತ್ತೆ ಉಸಿರಾಡಿತು. ಎರಿಸೆಯವರ ಆನಾ ಮತ್ತು ಕಾಸರವಳ್ಳಿಯವರ ಬಾಲಕ ನಾಣಿ ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಖಂಡಗಳಲ್ಲಿ ಹುಟ್ಟಿದ ಒಡಹುಟ್ಟುಗಳಂತೆ ನನಗೆ ಕಾಣುತ್ತಾರೆ. ಇಬ್ಬರೂ ದೊಡ್ಡವರ ಕ್ರೌರ್ಯವನ್ನು ಅರ್ಥವಾಗುವ ಮೊದಲೇ ನೋಡಿಬಿಟ್ಟವರು. ಅಂತರ್ಯುದ್ಧ ಮುಗಿದ ಸ್ಪೇನಿನಲ್ಲಿ ಅಡಗಿಕೊಂಡ ಗಾಯಾಳುವೊಬ್ಬನಿಗೆ ಅವಳು ತಿನ್ನಲು ಒಯ್ಯುತ್ತಾಳೆ. ಬದುಕಿರುವ ಹೆಣ್ಣು ಯಮುನಕ್ಕನಿಗೆ ಶ್ರಾದ್ಧ ಮಾಡಿ ಸಮಾಜದಿಂದ ಹೊರಹಾಕಿದ ಅಗ್ರಹಾರದಲ್ಲಿ ಇವನು ಅವಳ ಪಕ್ಷದಲ್ಲಿ ಉಳಿದ ಒಬ್ಬನೇ ಜೀವ. ತಡೆಯುವ ಶಕ್ತಿ ಇಬ್ಬರಿಗೂ ಇಲ್ಲ. ನೋಡಿದರು, ಅಷ್ಟೇ; ಮತ್ತು ಅವರು ನೋಡಿದ್ದರಿಂದ ನಾವೂ ನೋಡಿದೆವು. ಅಂದು ನಾಣಿಯ ಜೊತೆ ಯಮುನೆಯ ಬೋಳು ತಲೆಯನ್ನು ಕಂಡ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಪುನರುಜ್ಜೀವನಗೊಂಡ ಪ್ರತಿಯನ್ನು ಅವರು ನೋಡುವಾಗ ತೆರೆಯ ಮೇಲೆ ಗೆರೆಗಳು ಅಳಿಸಿಹೋಗಿರುತ್ತವೆ, ನೋಡುವವರ ಮುಖದ ಮೇಲೆ ಮೂಡಿರುತ್ತವೆ.

ಎರಿಸೆಯವರ ಚಿತ್ರದ ಕೊನೆಯಲ್ಲಿ ಮಿಗೆಲ್ ಒಂದು ಕೆಲಸ ಮಾಡುತ್ತಾನೆ. ಮಾಕ್ಸ್ ಕಾಪಾಡಿದ್ದ ಸುರುಳಿಗಳನ್ನು ತರಿಸಿ, ಮುಚ್ಚಿಹೋದ ಚಿತ್ರಮಂದಿರವೊಂದನ್ನು ತೆರೆಸಿ, ಹೂಲಿಯೊನನ್ನು ಕೂರಿಸಿ, ಅವನೇ ನಟಿಸಿದ ಆ ಅಪೂರ್ಣ ಚಿತ್ರದ ಅಂತ್ಯವನ್ನು ತೋರಿಸುತ್ತಾನೆ. ಆ ಒಳಗಿನ ಕಥೆಯಲ್ಲಿಯೂ ಒಬ್ಬ ಮುದುಕನಿದ್ದಾನೆ. ಸಾಯುವ ಮೊದಲು ದೂರದ ಶಾಂಘೈಯಲ್ಲಿರುವ ಮಗಳು ತನ್ನನ್ನು ಒಮ್ಮೆ ನೋಡಬೇಕೆಂಬುದು ಅವನ ಆಸೆ. ಮಗಳು ಬರುತ್ತಾಳೆ, ಮುದುಕ ಕಣ್ಮುಚ್ಚುತ್ತಾನೆ. ನೋಡುತ್ತಿರುವ ಹೂಲಿಯೊ ಕೂಡ ಕಣ್ಣು ಮುಚ್ಚುತ್ತಾನೆ, ಚಿತ್ರ ಮುಗಿಯುತ್ತದೆ. ಅವನಿಗೆ ನೆನಪು ಮರಳಿತೇ? ಮರಳಿತೆಂದು ನಂಬಲು ಇಚ್ಛಿಸುವವರು ಹಲವರು. ನನ್ನ ಮನಸ್ಸು ಆ ಕಡೆ ವಾಲುವುದಿಲ್ಲ. ಸಿನಿಮಾದಲ್ಲಿ ಪವಾಡಗಳ ಕಾಲ ಡ್ರೇಯರ್ ಎಂಬ ಮಹಾನಿರ್ದೇಶಕನೊಂದಿಗೇ ಮುಗಿಯಿತೆಂಬ ಅರ್ಥದ ಮಾತನ್ನು ಮಾಕ್ಸ್ ಮೊದಲೇ ಆಡಿರುತ್ತಾನೆ. ಅದನ್ನು ಅರಿತೂ ಮಿಗೆಲ್ ಸುರುಳಿಗಳನ್ನು ತರಿಸುತ್ತಾನೆ ಎಂಬುದು ನನಗೆ ಮುಖ್ಯ. ಫಲದ ಭರವಸೆಯಿಲ್ಲದೆ ಕತ್ತಲೆಯ ಕೋಣೆಯಲ್ಲಿ ಗೆಳೆಯನ ಪಕ್ಕದಲ್ಲಿ ಕುಳಿತು ಅವನ ಹಳೆಯ ಮುಖವನ್ನು ಅವನಿಗೆ ತೋರಿಸುವುದು, ಮಾಡಬಹುದಾದ ಕೊನೆಯ ಸೇವೆ. 'ಎಲ್ ಸುರ್' ತಲುಪಲಾಗದ ದಕ್ಷಿಣವನ್ನು ನಲವತ್ತು ವರ್ಷಗಳ ನಂತರ ಈ ಚಿತ್ರ ತಲುಪಿದೆ ಎಂಬುದನ್ನೂ ಅಲ್ಲಿಯೇ ಗಮನಿಸಿದೆ.

ಅದೇ 2023ರಲ್ಲಿ ಜರ್ಮನಿಯ ವಿಮ್ ವೆಂಡರ್ಸ್ ಟೋಕಿಯೊದಲ್ಲಿ ನಿಂತು ಮಾಡಿದ 'ಪರ್ಫೆಕ್ಟ್ ಡೇಸ್' ಕಾಲ ಮತ್ತು ನೆನಪಿನ ಇದೇ ವಿಷಯಕ್ಕೆ ಬೇರೆಯದೇ ದಿಕ್ಕಿನಿಂದ ಬರುತ್ತದೆ. ಹಿರಯಾಮ ಎಂಬ ಮಧ್ಯವಯಸ್ಸು ದಾಟಿದ ಮನುಷ್ಯ ಶಿಬುಯಾ ಪ್ರದೇಶದ ಸಾರ್ವಜನಿಕ ಶೌಚಾಲಯಗಳನ್ನು ಶುಚಿ ಮಾಡುತ್ತಾನೆ. ನಸುಕಿನಲ್ಲಿ ಬೀದಿ ಗುಡಿಸುವ ಪೊರಕೆಯ ಸದ್ದಿಗೆ ಏಳುತ್ತಾನೆ, ಪುಟ್ಟ ಸಸಿಗಳಿಗೆ ನೀರು ಸಿಂಪಡಿಸುತ್ತಾನೆ, ವ್ಯಾನಿನಲ್ಲಿ ಹಳೆಯ ಕ್ಯಾಸೆಟ್ ಹಾಕಿಕೊಂಡು ಹೊರಡುತ್ತಾನೆ, ಮಧ್ಯಾಹ್ನ ಮರದ ಕೆಳಗೆ ಕುಳಿತು ಎಲೆಗಳ ನಡುವೆ ತೂರುವ ಬೆಳಕನ್ನು ಹಳೆಯ ಕ್ಯಾಮೆರಾದಲ್ಲಿ ತೆಗೆಯುತ್ತಾನೆ. ವೆಂಡರ್ಸ್ ಯೌವನದಿಂದಲೂ ಜಪಾನಿನ ನಿರ್ದೇಶಕ ಯಸುಜಿರೊ ಒಜು ಅವರನ್ನು ಗುರುಸ್ಥಾನದಲ್ಲಿಟ್ಟವರು; ಹಿರಯಾಮ ಎಂಬ ಮನೆತನದ ಹೆಸರು ಒಜು ಅವರ 'ಟೋಕಿಯೊ ಸ್ಟೋರಿ'ಯಲ್ಲಿಯೂ ಇದೆ. ಹಿರಯಾಮನ ಪಾತ್ರಕ್ಕೆ ಕೋಜಿ ಯಾಕುಶೊ ಅವರಿಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದು ನ್ಯಾಯವೇ, ಮಾತೇ ಇಲ್ಲದ ಮುಖದ ಮೇಲೆ ಒಂದು ಇಡೀ ಚಿತ್ರ ನಿಂತಿದೆ.

ಆದರೂ ಈ ಚಿತ್ರದ ವಿಷಯದಲ್ಲಿ ನನ್ನೊಳಗೊಂದು ಸಂದೇಹ ಉಳಿದುಕೊಂಡಿದೆ. ಆ ಶೌಚಾಲಯಗಳು ತಾದಾವೊ ಆಂದೊ, ಶಿಗೆರು ಬಾನ್ ಮೊದಲಾದ ಹೆಸರಾಂತ ವಾಸ್ತುಶಿಲ್ಪಿಗಳು ರೂಪಿಸಿದ ಸುಂದರ ಕಟ್ಟಡಗಳು. ಅವುಗಳ ಯೋಜನೆಯನ್ನು ಕುರಿತು ಕಿರುಚಿತ್ರಗಳನ್ನು ಮಾಡಲು ಬಂದ ಆಹ್ವಾನದಿಂದಲೇ ಈ ಕೃತಿ ಹುಟ್ಟಿದ್ದು. ತೆರೆಯ ಮೇಲೆ ಹೊಲಸು ಕಾಣುವುದೇ ಇಲ್ಲ. ಇನ್ನೊಬ್ಬರ ಮಲವನ್ನು ತೊಳೆಯುವ ಕೆಲಸ ಯಾರ ಪಾಲಿಗೆ ಬಂದಿದೆ ಎಂಬುದನ್ನು ಬಲ್ಲ ಭಾರತೀಯ ಪ್ರೇಕ್ಷಕನಿಗೆ, ಈ ನಿರ್ಮಲ ಪ್ರಶಾಂತಿಯನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲು ಮನಸ್ಸು ಬರಲಾರದು. ಬಡತನವನ್ನು ಆಯ್ದುಕೊಂಡವನ ಬಡತನಕ್ಕೂ ಆಯ್ಕೆಯೇ ಇಲ್ಲದವನ ಬಡತನಕ್ಕೂ ಅಜಗಜಾಂತರ. ಈ ಭೇದ ವೆಂಡರ್ಸ್ ಅವರಿಗೂ ತಿಳಿಯದ್ದೇನಲ್ಲ: ಹಿರಯಾಮನ ತಂಗಿ ಚಾಲಕನಿರುವ ಕಾರಿನಲ್ಲಿ ಬಂದಿಳಿಯುವಾಗ, ಅವನು ಎಲ್ಲಿಂದ ಕೆಳಗಿಳಿದು ಬಂದವನೆಂದು ನಮಗೆ ಹೊಳೆಯುತ್ತದೆ. ತಂದೆ ಈಗ ಮೊದಲಿನಂತಿಲ್ಲ, ಮತಿ ಮಸುಕಾಗಿದೆ, ಒಮ್ಮೆ ನೋಡಿ ಬರಬಾರದೇ ಎಂದು ಅವಳು ಕೇಳುತ್ತಾಳೆ. ಅವನು ತಲೆಯಾಡಿಸಿ ಒಲ್ಲೆನೆನ್ನುತ್ತಾನೆ. ಅವಳು ಹೋದ ಮೇಲೆ ನಿಂತಲ್ಲೇ ಅಳುತ್ತಾನೆ. ಎರಿಸೆಯವರ ಮಗಳು ಮರೆತುಹೋದ ತಂದೆಯ ಮುಂದೆ ಕುಳಿತಳು, ವೆಂಡರ್ಸ್ ಅವರ ಮಗ ಕುಳಿತುಕೊಳ್ಳಲಾರ. ಹೋಗಲಾಗದಂಥದ್ದು ಏನು ನಡೆದಿತ್ತೆಂದು ಚಿತ್ರ ಹೇಳುವುದಿಲ್ಲ. ಬೆಳಕಿನ ಛಾಯಾಚಿತ್ರಗಳನ್ನು ತಿಂಗಳುವಾರು ಡಬ್ಬಿಗಳಲ್ಲಿ ಜೋಡಿಸಿಡುವ ಆ ಮನುಷ್ಯನ ಬಳಿ ತನ್ನವರ ಮುಖಗಳ ಡಬ್ಬಿ ಇಲ್ಲ ಎಂಬುದು ಆ ಗಳಿಗೆಯಲ್ಲಿ ನನ್ನನ್ನು ಚುಚ್ಚಿತು.

ಈ ಚಿತ್ರದ ಕಡೆಯ ದೃಶ್ಯವನ್ನು, ನಗುವೂ ಅಳುವೂ ಒಂದಾದ ಆ ಮುಖವನ್ನು, ಎಲ್ಲರೂ ಕೊಂಡಾಡಿದ್ದಾರೆ. ನನಗೆ ಅದಕ್ಕಿಂತ ಹತ್ತಿರವಾದದ್ದು ನದಿಯ ದಂಡೆಯ ರಾತ್ರಿ. ಅರ್ಬುದ ರೋಗದಿಂದ ಸಾಯಲಿರುವ ಅಪರಿಚಿತನೊಬ್ಬ ಹಿರಯಾಮನನ್ನು ಕೇಳುತ್ತಾನೆ: ಎರಡು ನೆರಳುಗಳು ಒಂದರ ಮೇಲೊಂದು ಬಿದ್ದರೆ ಹೆಚ್ಚು ಕಪ್ಪಾಗುತ್ತವೆಯೇ? ಇಷ್ಟೂ ತಿಳಿಯದೆಯೇ ಆಯುಸ್ಸು ಮುಗಿಯಿತಲ್ಲ ಎಂಬ ಅಳಲು ಅವನದು. ಇಬ್ಬರೂ ದೀಪದ ಕೆಳಗೆ ನಿಂತು ನೆರಳನ್ನು ನೆರಳಿನ ಮೇಲೆ ಇಟ್ಟು ನೋಡುತ್ತಾರೆ. ಬದಲಾಗಲಿಲ್ಲವೆಂದು ಒಬ್ಬ, ಕಪ್ಪಾಗಲೇಬೇಕೆಂದು ಮತ್ತೊಬ್ಬ. ಎರಡು ಜೀವಗಳು ಒಂದನ್ನೊಂದು ಸಂಧಿಸಿದ್ದಕ್ಕೆ ಲೋಕದಲ್ಲಿ ಏನಾದರೂ ಗುರುತು ಉಳಿಯಲೇಬೇಕೆಂಬ ಹಟ ಹಿರಯಾಮನದು. ಬಳಿಕ ಇಬ್ಬರೂ ಹುಡುಗರಂತೆ ಒಬ್ಬರ ನೆರಳನ್ನು ಒಬ್ಬರು ತುಳಿಯುವ ಆಟವಾಡುತ್ತಾರೆ. ಚಿತ್ರದ ಮಿಕ್ಕೆಲ್ಲ ಸೌಂದರ್ಯವನ್ನು ನಾನು ಅನುಮಾನಿಸಬಲ್ಲೆ, ಇದೊಂದನ್ನು ಅನುಮಾನಿಸಲಾರೆ.

ಎರಿಸೆ ಮತ್ತು ವೆಂಡರ್ಸ್ ಬದುಕಿನ ಸಂಜೆಯಲ್ಲಿ ನಿಂತು ನೋಡುತ್ತಿರುವವರು. ಪಾಯಲ್ ಕಪಾಡಿಯಾ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಮಾಡಿದಾಗ ಇನ್ನೂ ನಲವತ್ತು ಮುಟ್ಟಿರಲಿಲ್ಲ. 2024ರಲ್ಲಿ ಈ ಚಿತ್ರ ಕಾನ್‌ನಲ್ಲಿ ಗ್ರ್ಯಾನ್ ಪ್ರೀ ಪಡೆಯಿತು, ಶಾಜಿ ಎನ್. ಕರುಣ್ ಅವರ 'ಸ್ವಹಂ' 1994ರಲ್ಲಿ ಅಲ್ಲಿನ ಸ್ಪರ್ಧಾವಿಭಾಗ ಪ್ರವೇಶಿಸಿದ ಮೇಲೆ ಭಾರತದ ಚಿತ್ರವೊಂದು ಆ ವಿಭಾಗಕ್ಕೆ ಬಂದದ್ದು ಅದೇ ಮೊದಲು. ಕಥೆ ನಡೆಯುವುದು ಮಳೆಗಾಲದ ಮುಂಬೈಯಲ್ಲಿ. ಆರಂಭದಲ್ಲಿ ಪಾತ್ರಗಳಿಲ್ಲ, ರಾತ್ರಿಯ ಮಾರುಕಟ್ಟೆ, ರೈಲು, ಜನಸಂದಣಿ, ಅವುಗಳ ಮೇಲೆ ಹಲವು ಭಾಷೆಗಳ ದನಿಗಳು. ಊರು ಬಿಟ್ಟು ಬಂದವರು, ವರ್ಷಗಟ್ಟಲೆ ಇದ್ದರೂ ಇದು ತಮ್ಮ ಊರೆಂದು ಹೇಳಲಾಗದವರು. ಎರಿಸೆಯವರಲ್ಲಿ ಕಾಲವು ಕಳೆದ ಮೇಲೆ ನೆನಪಾಗುತ್ತದೆ. ಈ ನಗರದಲ್ಲಿ ಅದು ದುಡಿಯುವವರ ಕೈಯಿಂದ ದಿನದಿನವೂ ಕಿತ್ತುಕೊಳ್ಳಲ್ಪಡುವ ವಸ್ತು.

ಮಲಯಾಳಿ ದಾದಿ ಪ್ರಭಾಳ ಗಂಡ ಮದುವೆಯಾದ ಸ್ವಲ್ಪದರಲ್ಲೇ ಜರ್ಮನಿಗೆ ಹೋದವನು. ಫೋನ್ ನಿಂತು ಒಂದು ವರ್ಷದ ಮೇಲಾಗಿದೆ. ಒಂದು ದಿನ ಅಂಚೆಯಲ್ಲಿ ಕೆಂಪು ಬಣ್ಣದ ರೈಸ್ ಕುಕ್ಕರ್ ಬರುತ್ತದೆ, ಕಳಿಸಿದವರ ಹೆಸರಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಳಿತು ಪ್ರಭಾ ಆ ಕುಕ್ಕರನ್ನು ಅಪ್ಪಿಕೊಳ್ಳುವ ರಾತ್ರಿಯೊಂದಿದೆ. ಕನಿ ಕುಸೃತಿ ಅದನ್ನು ಅತಿಯಾಗದಂತೆ, ನಗೆಪಾಟಲಾಗದಂತೆ ನಿರ್ವಹಿಸಿರುವ ಬಗೆಯನ್ನು ಮರೆಯಲಾರೆ. ಆದರೆ ಚಿತ್ರದಲ್ಲಿ ನನ್ನನ್ನು ಬಹುಕಾಲ ಕಾಡಿದ್ದು ಛಾಯಾ ಕದಂ ಅಭಿನಯಿಸಿದ ಪಾರ್ವತಿ. ಆಸ್ಪತ್ರೆಯ ಅಡುಗೆಯವಳು, ವಿಧವೆ, ದಶಕಗಳ ಕಾಲ ಒಂದೇ ಮನೆಯಲ್ಲಿ ಬಾಳಿದವಳು. ಕಟ್ಟಡವನ್ನು ಕೆಡವಲು ಬಿಲ್ಡರ್ ಬಂದಾಗ ಅವಳ ಬಳಿ ತೋರಿಸಲು ಕಾಗದಪತ್ರವಿಲ್ಲ. ಗಂಡ ಏನನ್ನೂ ಹೇಳಿಹೋಗಲಿಲ್ಲ. ಕಾಗದವಿಲ್ಲದಿದ್ದರೆ ಅಷ್ಟು ವರ್ಷ ಅಲ್ಲಿ ಹಚ್ಚಿದ ಒಲೆಗೂ ಒಗೆದ ಬಟ್ಟೆಗೂ ಸಾಕ್ಷಿಯಿಲ್ಲ. ಮುಚ್ಚಿಹೋದ ಚಿತ್ರಮಂದಿರಕ್ಕೆ ಮರುಗುವವರಿದ್ದಾರೆ, ನಶಿಸಿದ ಸುರುಳಿಗಳಿಗೆ ಮರುಗುವವರಿದ್ದಾರೆ. ಪಾರ್ವತಿಯ ಮನೆಯಂಥ ಮನೆಗಳಿಗೆ ಸಂಗ್ರಹಾಲಯವೂ ಇಲ್ಲ, ಸಂರಕ್ಷಕರೂ ಇಲ್ಲ. ಅವಳೂ ಪ್ರಭಾಳೂ ಇರುಳಿನಲ್ಲಿ ಬಿಲ್ಡರ್‌ನ ಜಾಹೀರಾತು ಫಲಕಕ್ಕೆ ಕಲ್ಲು ಬೀರುತ್ತಾರೆ. ಆ ಕಲ್ಲುಗಳಿಂದ ಏನೂ ಬದಲಾಗದು. ಆದರೂ ಆ ಕ್ಷಣದ ಅವರ ನಗುವನ್ನು ಕಂಡು ನನಗೆ ಸಮಾಧಾನವಾಯಿತು. ಬಳಿಕ ಪಾರ್ವತಿ ರತ್ನಾಗಿರಿ ಕಡೆಯ ತನ್ನ ಕಡಲ ಊರಿಗೆ ಮರಳುತ್ತಾಳೆ, ಜೊತೆಗೆ ಪ್ರಭಾ ಮತ್ತು ಕಿರಿಯ ದಾದಿ ಅನು ಹೋಗುತ್ತಾರೆ.

ಆ ಊರಿನ ತೀರದಲ್ಲಿ ಮುಳುಗಿ ದಡಕ್ಕೆ ಬಂದ ಮನುಷ್ಯನೊಬ್ಬನನ್ನು ಪ್ರಭಾ ತನ್ನ ಉಸಿರು ಕೊಟ್ಟು ಬದುಕಿಸುತ್ತಾಳೆ. ಊರಿನ ಮುದುಕಿಯೊಬ್ಬಳು ಅವರನ್ನು ಗಂಡಹೆಂಡಿರೆಂದು ತಿಳಿಯುತ್ತಾಳೆ, ಪ್ರಭಾ ತಿದ್ದುವುದಿಲ್ಲ. ಅಲ್ಲಿಂದ ಚಿತ್ರ ವಾಸ್ತವದ ಗೆರೆಯನ್ನು ಸದ್ದಿಲ್ಲದೆ ದಾಟುತ್ತದೆ: ಆ ಅಪರಿಚಿತ ಅವಳ ಗಂಡನಾಗಿ ಮಾತನಾಡತೊಡಗುತ್ತಾನೆ. ಹಗಲಿರುಳಿನ ಭೇದ ತಿಳಿಯದ ಕಾರ್ಖಾನೆಯ ಕತ್ತಲೆಯನ್ನು ಹೇಳಿಕೊಳ್ಳುತ್ತಾನೆ, ತನ್ನೊಡನೆ ಬಾ ಎಂದು ಕರೆಯುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ; ಇನ್ನೆಂದೂ ನಿನ್ನನ್ನು ನೋಡುವ ಆಸೆ ನನಗಿಲ್ಲ ಎನ್ನುತ್ತಾಳೆ. ಕೆಲವರಿಗೆ ಈ ತಿರುವು ಕೃತಕವೆನಿಸಿದೆ. ನನಗೆ ಹಾಗೆನಿಸಲಿಲ್ಲ. ತಿಳಿಸದೆ ಬಿಟ್ಟುಹೋದವನನ್ನು ಬೀಳ್ಕೊಡುವುದು ಕಷ್ಟ. ಅಗಲಿಕೆಗೆ ಒಂದು ದಿನವಿಲ್ಲ, ಒಂದು ಮಾತಿಲ್ಲ, ಎದುರಿಗೆ ಒಂದು ಮುಖವೂ ಇಲ್ಲ. ಮಿಗೆಲ್ ತನ್ನ ಗೆಳೆಯನಿಗಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದ, ದೊರೆತವನ ಮುಂದೆ ಅವನದೇ ಹಳೆಯ ಮುಖವನ್ನು ಹಿಡಿದ. ಪ್ರಭಾಳಿಗೆ ತೋರಿಸಲು ಸುರುಳಿ ಇಲ್ಲ, ತೋರಿಸುವವರೂ ಇಲ್ಲ. ಅದಕ್ಕೆ ಅವಳು ಸಿಕ್ಕ ಮುಖವೊಂದಕ್ಕೆ ಗಂಡನ ಹೆಸರಿಟ್ಟು, ಅವನ ಮಾತನ್ನು ಕೊನೆಯವರೆಗೆ ಕೇಳಿ, ತನ್ನ ಮಾತನ್ನೂ ಹೇಳಿ ಮುಗಿಸಿದಳು. ಆ ದಿನದಿಂದ ಅವಳು ಯಾರ ಕರೆಗೂ ಕಾಯಬೇಕಿಲ್ಲ.